ಫೈಬರಿನ ಒಳಗೆ ಕುಂಬಾದ ಮರ

ಗುಜರಿಯವನು ಮಾವನ ಫೈಬರ್ ದೋಣಿಗೆ ಎರಡು ಸುತ್ತು ಬಂದ. ಎಂಜಿನ್ ಕೂರಿಸುವ ಜಾಗದ ಅಲ್ಯೂಮಿನಿಯಂ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಹಗ್ಗ ಕಟ್ಟುವ ಸ್ಟೀಲ್ ಗೂಟಗಳನ್ನು ಅಲ್ಲಾಡಿಸಿ ನೋಡಿದ. "ಇದಿಷ್ಟು ಬಿಚ್ಚಿ ಕೊಟ್ರೆ ತಕೊಂಡು ಹೋಗ್ತೇನೆ" ಅಂದ. ಮತ್ತೆ ದೋಣಿ? "ಅದನ್ನ ಕೊಂಡುಹೋಗಿ ನಾನೆಂತ ಮಾಡುದು ಮಾಷ್ಟ್ರೇ?"

ಸರಿಯಾದ ಪ್ರಶ್ನೆಯೇ. ಅಜ್ಜನ ಕಾಲದ ಮರದ ದೋಣಿಗೆ ಸಾವು ಅಂತ ಒಂದಿತ್ತು. ಹಲಗೆ ಬಿಟ್ಟುಕೊಂಡರೆ ಮೊಳೆ ಕಿತ್ತು, ಒಡೆದು, ಬಚ್ಚಲ ಒಲೆಗೆ ಹಾಕುತ್ತಿದ್ದರು. ಎಷ್ಟೋ ವರ್ಷ ಮೀನೆಣ್ಣೆ ಕುಡಿದ ಮರ, ಒಂದು ಕೊಳ್ಳಿ ಹಚ್ಚಿದರೆ ಹಂಡೆ ನೀರು ಕೊತಕೊತ. ಫೈಬರಿಗೆ ಆ ಭಾಗ್ಯವಿಲ್ಲ. ಅದರ ಗಾಜಿನ ನೂಲನ್ನು ಹಿಡಿದಿಡುವ ಅಂಟು, ರೆಸಿನ್, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಪ್ಲಾಸ್ಟಿಕ್ ಕೊಡದ ಹಾಗೆ ಕಾಯಿಸಿ ಇನ್ನೊಂದು ಕೊಡ ಮಾಡಲು ಬರುವುದಿಲ್ಲ. ಸುಟ್ಟರೆ ಕಪ್ಪು ಹೊಗೆ ಎದ್ದು ಕಡೆಗೆ ಗಾಜಿನ ನೂಲು ಉಳಿಯುತ್ತದೆ. ಹೂತರೆ ಹಾಗೇ ಇರುತ್ತದೆ. ಹಾಗಾಗಿಯೇ ನಮ್ಮ ಕರಾವಳಿಯ ಯಾವ ಬಂದರಿಗೆ ಹೋದರೂ ಹಿಂಬದಿಯ ಪೊದೆಯಲ್ಲಿ ನಾಲ್ಕಾರು ಫೈಬರ್ ದೋಣಿಗಳು ಅಂಗಾತ, ಕವುಚಿ, ಓರೆಯಾಗಿ ಬಿದ್ದಿರುತ್ತವೆ. ಕೆಲವದರೊಳಗೆ ಕೆಸವು ಬೆಳೆದಿರುತ್ತದೆ.

ಮಾವನ ದೋಣಿಯನ್ನು ಸರಿ ಮಾಡಿಸುವ ತೀರ್ಮಾನಕ್ಕೆ ಬಂದದ್ದು ಪ್ರೀತಿಯಿಂದ ಅಂತ ಹೇಳಿಕೊಳ್ಳಬಹುದು. ನಿಜ ಹೇಳುವುದಾದರೆ, ಅದನ್ನು ಬಿಸಾಡುವುದು ಹೇಗೆ ಅಂತ ಗೊತ್ತಾಗಲಿಲ್ಲ.

ಮಾವನ ಮನೆ ಗಂಗೊಳ್ಳಿಯಲ್ಲಿ, ಹೊಳೆಗೆ ತಾಗಿಕೊಂಡು. ಐದು ನದಿಗಳು ಸೇರಿ ಪಂಚಗಂಗಾವಳಿ ಅನ್ನಿಸಿಕೊಂಡು ಕಡಲಿಗಿಳಿಯುವ ಜಾಗ. ಆಚೆ ದಡದಲ್ಲಿ ಕುಂದಾಪುರ ಕಣ್ಣಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿ ಸುತ್ತಿ ಹೋಗಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಇಪ್ಪತ್ತನಾಲ್ಕು ಅಡಿಯ ಈ ದೋಣಿಯಲ್ಲಿ ಮಾವ ಹೊಳೆಯಲ್ಲೂ ಅಳಿವೆಯ ಆಚೆಗೂ ಬಲೆ ಬಿಟ್ಟವರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಯಾಂತ್ರಿಕ ದೋಣಿಗಳಿಗೆಲ್ಲ ನಿಷೇಧ ಇರುವಾಗಲೂ ನಾಡದೋಣಿಯವರು ಕಡಲಿನ ಮುಖ ನೋಡಿಕೊಂಡು ಇಳಿಯುತ್ತಾರಲ್ಲ, ಆ ಪೈಕಿಯವರು. ಮೊಣಕಾಲು ಕೈಕೊಟ್ಟ ಮೇಲೆ ದೋಣಿ ತೆಂಗಿನ ಮರದ ಬುಡಕ್ಕೆ ಬಂತು. ಮೇಲೊಂದು ನೀಲಿ ಟಾರ್ಪಾಲು. ನಾಲ್ಕು ಮಳೆಗಾಲ ಹಾಗೇ ಕಳೆಯಿತು. ಟಾರ್ಪಾಲು ನಡುವೆ ಜೋಲುಬಿದ್ದು ಕೆರೆಯಾಗಿ, ಆಮೇಲೆ ಹರಿದು, ಆ ಕೆರೆ ದೋಣಿಯೊಳಗೇ ಇಳಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಏಪ್ರಿಲ್‌ನಲ್ಲಿ ರಜೆ ಶುರುವಾದ ವಾರವೇ ಫೈಬರ್ ಕೆಲಸದ ಮೇಸ್ತ್ರಿಯನ್ನು ಕರೆತಂದೆ. ನನ್ನ ಲೆಕ್ಕದಲ್ಲಿ ಎರಡು ಬಿರುಕು, ಒಂದಷ್ಟು ಬಣ್ಣ, ಒಂದು ವಾರದ ಕೆಲಸ. ಮೇಸ್ತ್ರಿ ಮಾತಾಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯನ್ನು ತಿರುಗಿಸಿ ಹಿಡಿದು ಮೂತಿಯಿಂದ ಶುರುಮಾಡಿ ಗೇಣಿಗೊಂದರಂತೆ ತಟ್ಟುತ್ತ ಬಂದರು. ಟಕ್, ಟಕ್, ಟಕ್. ಹಲಸಿನಕಾಯಿ ಬೆಳೆದಿದೆಯೋ ನೋಡುವವರ ಹಾಗೆ ತಲೆ ಓರೆ ಮಾಡಿಕೊಂಡು. ಎಂಜಿನ್ ಕೂರುವ ಹಿಂದಿನ ಹಲಗೆಗೆ ಬಂದಾಗ ಸದ್ದು ಬದಲಾಯಿತು: ಬೊದ್, ಬೊದ್. ಒದ್ದೆ ಗೋಣಿಚೀಲಕ್ಕೆ ಗುದ್ದಿದ ಹಾಗೆ.

ಒಳಗಡೆಯಿಂದ ಸಣ್ಣ ಡ್ರಿಲ್ ಹಾಕಿದರು. ಬಿಟ್ಟಿಗೆ ಮೊದಲೇ ಟೇಪ್ ಸುತ್ತಿ ಗುರುತು ಮಾಡಿದ್ದರು, ಹೊರಗಿನ ಪದರ ತೂತಾಗಬಾರದಲ್ಲ. ಒಣ ಮರವಾದರೆ ಬೆಳ್ಳಗೆ ಹುಡಿ ಬರಬೇಕು. ಬಂದದ್ದು ಕಾಫಿ ಚರಟದಂಥ ಕಪ್ಪು ಮುದ್ದೆ, ಹಿಂದೆಯೇ ಕಂದು ನೀರು. ತೊಟ್ಟಿಕ್ಕಲು ಶುರುವಾದದ್ದು ನಾವು ಚಹಾ ಕುಡಿದು ಬರುವ ತನಕವೂ ನಿಂತಿರಲಿಲ್ಲ. ಮಳೆ ಹೋಗಿ ಆರು ತಿಂಗಳಾಗಿತ್ತು!

"ಮರ ಪೂರಾ ಕುಂಬಾಯ್ತ್ ಮಾಷ್ಟ್ರೇ" ಅಂದರು ಮೇಸ್ತ್ರಿ.

ಕುಂಬು ಅನ್ನುವ ಮಾತು ಘಟ್ಟದ ಮೇಲಿನವರಲ್ಲಿ ಎಷ್ಟು ಬಳಕೆಯಲ್ಲಿದೆಯೋ ತಿಳಿಯದು, ನಮ್ಮಲ್ಲಿ ದಿನಬಳಕೆಯದು. ಕೊಳೆಯುವುದು ಬೇರೆ, ಕುಂಬಾಗುವುದು ಬೇರೆ. ಕೊಳೆತದ್ದು ನಾರುತ್ತದೆ, ಗೊತ್ತಾಗುತ್ತದೆ. ಕುಂಬಾದ ಮರ ಆಕಾರ ಬಿಡುವುದಿಲ್ಲ. ಮಾಡಿನ ಪಕಾಸಿ ಪಕಾಸಿಯ ಹಾಗೆಯೇ ಕಾಣುತ್ತದೆ, ಕಂಬ ಕಂಬದ ಹಾಗೆಯೇ ನಿಂತಿರುತ್ತದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಫೈಬರ್ ಹೊದೆಸಿದ ಮರಕ್ಕಂತೂ ಆಕಾರ ಬಿಡಲು ಅವಕಾಶವೇ ಇಲ್ಲ, ಬೆರಳಿಡಲೂ ಜಾಗವಿಲ್ಲ.

ಅಲ್ಲ, ಫೈಬರ್ ದೋಣಿಯಲ್ಲಿ ಮರ ಎಲ್ಲಿಂದ ಬಂತು ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಫೈಬರ್ ಅಂದರೆ ಗಾಜಿನ ನೂಲಿನ ಹಾಸು, ಅದನ್ನು ಹಿಡಿದಿಡುವ ರೆಸಿನ್, ಅಷ್ಟೇ. ಎಳೆದರೆ ಜಪ್ಪಯ್ಯ ಅಂದರೂ ಹರಿಯದು, ಆದರೆ ತೆಳ್ಳಗಿದ್ದರೆ ಬಳುಕುತ್ತದೆ. ಬಳುಕದ ಹಾಗೆ ಮಾಡಲು ದಪ್ಪ ಬೇಕು. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ, ಘನದ ಲೆಕ್ಕ. ಇಡೀ ದಪ್ಪವನ್ನು ಫೈಬರಿನಲ್ಲೇ ಮಾಡಿದರೆ ಭಾರ ಹೆಚ್ಚು, ಖರ್ಚು ಇನ್ನೂ ಹೆಚ್ಚು. ಅದಕ್ಕೆ ನಡುವೆ ಪ್ಲೈವುಡ್ಡೋ ಮರದ ಪಟ್ಟಿಯೋ ಇಟ್ಟು ಎರಡೂ ಕಡೆ ಫೈಬರ್ ಹೊದೆಸುತ್ತಾರೆ. 40 ಕಿಲೋ ಹತ್ತಿರದ ಎಂಜಿನ್ ನೇತಾಡುವ ಹಿಂದಿನ ಹಲಗೆ, ತಳದ ಉದ್ದಕ್ಕೂ ಹೋಗುವ ಪಟ್ಟಿಗಳು, ಕೂರುವ ಅಡ್ಡಹಲಗೆ, ಇವಕ್ಕೆಲ್ಲ ಒಳಗೆ ಮರ. ಅಮೆರಿಕದ ಓಹಿಯೋದಲ್ಲಿ ರೇ ಗ್ರೀನ್ ಎಂಬವರು 1942ರಲ್ಲೇ ಗಾಜಿನ ನೂಲು ಮತ್ತು ಪಾಲಿಯೆಸ್ಟರ್ ರೆಸಿನ್ ಸೇರಿಸಿ ದೋಣಿ ಮಾಡಿದ್ದರು. ಅಲ್ಲಿಂದ ಇಲ್ಲಿಯ ತನಕ ಮರವನ್ನು ಹೊರಗೆ ಹಾಕಿದೆವು ಅಂತ ನಾವು ತಿಳಿದುಕೊಂಡೆವು. ಮರ ಒಳಗೆ ಹೋಗಿ ಕೂತಿತ್ತು.

ಗ್ರೈಂಡರ್ ಹಿಡಿದು ಒಳಮೈ ಪದರ ಕೊಯ್ಯಲು ಎರಡು ದಿನ. ಆ ಎರಡು ದಿನದ ತುರಿಕೆಯ ಬಗ್ಗೆ ಬರೆಯುವುದಿಲ್ಲ ಅಂದುಕೊಂಡಿದ್ದೆ, ಬರೆಯದೆ ಆಗುವುದಿಲ್ಲ. ಫೈಬರ್ ಹುಡಿ ಅಂದರೆ ಕಣ್ಣಿಗೆ ಕಾಣದ ಗಾಜಿನ ಸೂಜಿಗಳು. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ ಎಲ್ಲ ಹಾಕಿದ್ದೆ. ಮೇಸ್ತ್ರಿ ಕೈಗೂ ಕುತ್ತಿಗೆಗೂ ದಪ್ಪಗೆ ಪೌಡರ್ ಬಳಿದುಕೊಳ್ಳುವುದನ್ನು ನೋಡಿ, ಈ ವಯಸ್ಸಲ್ಲಿ ಎಂಥ ಶೃಂಗಾರ ಅಂತ ಮನಸ್ಸಲ್ಲೇ ನಕ್ಕೆ. ರಾತ್ರಿ ಮೊಣಕೈಯ ಒಳಮಡಿಕೆ, ಸೊಂಟದ ಪಟ್ಟಿ, ಕಿವಿಯ ಹಿಂದೆ ಎಲ್ಲ ಉರಿ. ಬಿಸಿನೀರು ಹೊಯ್ದುಕೊಂಡು ಅದನ್ನು ಇನ್ನಷ್ಟು ಹೆಚ್ಚಿಸಿಕೊಂಡೆ. "ತಣ್ಣೀರ್ ಹೊಯ್ಕಿತ್, ಉಜ್ಜುಕಾಗ" ಅಂತ ಮಾರನೆ ದಿನ ಹೇಳಿದರು. ನನ್ನ ಆ ಅಂಗಿಯನ್ನು ಮನೆಯಾಕೆ ಕೋಲಿನಲ್ಲಿ ಎತ್ತಿಕೊಂಡು ಹೋಗಿ ಬೇರೆ ಬಕೆಟ್ಟಿಗೆ ಹಾಕಿದಳು. ಮೂರನೇ ದಿನ ನಾನೂ ಪೌಡರ್ ಡಬ್ಬಿ ಹಿಡಿದುಕೊಂಡೇ ಹೋದೆ.

ಪದರ ಎದ್ದು ಬಂದ ಮೇಲೆ ಒಳಗಿನ ಮರವನ್ನು ಕತ್ತರಿಸುವ ಕೆಲಸ ಇರಲೇ ಇಲ್ಲ. ತೆಂಗಿನಕಾಯಿ ಹೆರೆಯುವ ಹಾಗೆ ಉಳಿಯಲ್ಲಿ ಕೆರೆದರೆ ಸಾಕು, ಹಿಡಿಹಿಡಿಯಾಗಿ ಬರುತ್ತಿತ್ತು. ಅಣಬೆ ಏಳುವ ಕಾಲದ ತೋಟದ ವಾಸನೆ. ಮುಷ್ಟಿಯಲ್ಲಿ ಹಿಂಡಿದರೆ ನೀರು. ತಮಾಷೆಯೆಂದರೆ ಕೆಳಗಡೆ, ನೀರಿನಲ್ಲಿ ಮುಳುಗುವ ಭಾಗದಲ್ಲಿ, ಪ್ಲೈವುಡ್ ಅರೆಬರೆ ಗಟ್ಟಿಯಾಗಿತ್ತು. ಹೋದದ್ದೆಲ್ಲ ಮೇಲಿನ ಅರ್ಧ, ಕಡಲು ಮುಟ್ಟದ ಭಾಗ. ಕೆರೆದಂತೆ ಕೆರೆದಂತೆ ಕಪ್ಪು ದಾರಿಯೊಂದು ಮೇಲಕ್ಕೆ ಹೋಯಿತು. ಅದು ಹೋಗಿ ಮುಟ್ಟಿದ್ದು ಹಲಗೆಯ ನೆತ್ತಿಯ ಎರಡು ಸ್ಕ್ರೂ ತೂತುಗಳಿಗೆ.

"ಈ ಒಟ್ಟಿ ಯಾರ್ ಮಾಡದ್ದ್?" ಮೇಸ್ತ್ರಿ ಮಾವನನ್ನು ಕೇಳಿದರು.

ಮಾವ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತಲಿಲ್ಲ. ಕೊರೆದವನು ನಾನು. ಒಂಬತ್ತು ವರ್ಷದ ಹಿಂದೆ, ದಸರಾ ರಜೆಯಲ್ಲಿ. ಗಾಳದ ಕೋಲು ನಿಲ್ಲಿಸಲು ಪಿವಿಸಿ ಪೈಪಿನ ತುಂಡೊಂದನ್ನು ಅಲ್ಲಿ ಬಿಗಿದಿದ್ದೆ. ಎರಡು ಸ್ಕ್ರೂ, ಐದು ನಿಮಿಷದ ಕೆಲಸ. ಒಂದು ಹಬ್ಬದ ದಿನ ಎರಡು ಕಾಣೆ ಮೀನು ಸಿಕ್ಕಿದವು ಅಂತ ನೆನಪು. ಮರುವರ್ಷ ಪೈಪ್ ಮುರಿದು ಹೋಯಿತು, ಸ್ಕ್ರೂ ಕಿತ್ತುಹಾಕಿದೆ, ತೂತು ಮುಚ್ಚಬೇಕು ಅಂತ ಹೊಳೆಯಲಿಲ್ಲ. ಕಡ್ಡಿ ಹೋಗುವಷ್ಟು ಸಣ್ಣವು. ಅದರಲ್ಲಿ ಎಷ್ಟು ನೀರು ಹೋದೀತು?

ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆಯ ಊರಿನಲ್ಲಿ ಕೇಳುವ ಪ್ರಶ್ನೆಯಲ್ಲ ಇದು. ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ಬರೀ ಮರವಾಗಿದ್ದರೆ ಅಕ್ಟೋಬರ್ ಬಿಸಿಲಿಗೆ ಒಣಗಿಬಿಡುತ್ತಿತ್ತು. ಕಾಪಾಡಲು ಹೊದೆಸಿದ ಫೈಬರೇ ಅದನ್ನು ಒಣಗಲು ಬಿಡಲಿಲ್ಲ.

"ಉಪ್ಪ್ ನೀರ್ ಎಂತದೂ ಮಾಡುದಿಲ್ಲ. ಕೊಲ್ಲುದ್ ಸೀ ನೀರ್." ಇದು ಮೇಸ್ತ್ರಿಯ ಮಾತು; ಸೀ ನೀರು ಅಂದರೆ ಉಪ್ಪಿಲ್ಲದ ಸಿಹಿನೀರು. ಸಮಾಧಾನಕ್ಕೆ ಹೇಳಿದ್ದಲ್ಲ, ಹೇಳುತ್ತ ಉಳಿಯನ್ನು ಕಲ್ಲಿಗೆ ಮಸೆಯುತ್ತಿದ್ದರು. ಹದಿನೈದು ವರ್ಷ ಪಾಠ ಮಾಡಿದ ನನಗೆ ಇದು ಮೊದಲು ತಲೆಗೆ ಹೋಗಲಿಲ್ಲ. ಕಡಲ ನೀರು ಕಬ್ಬಿಣ ತಿನ್ನುವುದನ್ನು ನೋಡಿ ಬೆಳೆದವರು ನಾವು. ಗೇಟು, ಕಿಟಕಿ ಸರಳು, ಸೈಕಲ್ ಏನನ್ನೂ ಬಿಡುವುದಿಲ್ಲ. ಮರಕ್ಕೂ ಅದೇ ಶತ್ರು ಅಂದುಕೊಂಡಿದ್ದೆ. ಆದರೆ ಮರ ಕುಂಬಾಗುವುದು ಶಿಲೀಂಧ್ರದಿಂದ. ಮರದ ತೇವ ಶೇಕಡಾ 20ರ ಸುಮಾರು ದಾಟಿದರೆ ಅದಕ್ಕೆ ಹೊಟ್ಟೆ ತುಂಬ ಊಟ. ಜೊತೆಗೆ ಗಾಳಿಯೂ ಬೇಕು, ಹಾಗಾಗಿಯೇ ಕೆಸರಿನ ತಳದಲ್ಲಿ ಪೂರ್ತಿ ಹೂತ ದಿಮ್ಮಿ ನೂರಾರು ವರ್ಷ ಉಳಿಯುತ್ತದೆ. ಉಪ್ಪು ಇದ್ದಲ್ಲಿ ಈ ಶಿಲೀಂಧ್ರಗಳಲ್ಲಿ ಹೆಚ್ಚಿನವು ಏಳುವುದಿಲ್ಲ. ನಾವು ಬಂಗುಡೆಗೆ ಉಪ್ಪು ಹಾಕಿ ಒಣಗಿಸಿಡುವುದಿಲ್ಲವೇ, ಹತ್ತಿರ ಹತ್ತಿರ ಅದೇ ಲೆಕ್ಕ. 19ನೇ ಶತಮಾನದ ಅಮೆರಿಕದ ಹಡಗು ಕಟ್ಟುವವರು ಮರದ ಪಕ್ಕೆಲುಬುಗಳ ಸಂದಿಗೆ ಕಲ್ಲುಪ್ಪು ತುಂಬಿಸುತ್ತಿದ್ದರಂತೆ. ಕಡಲಲ್ಲಿ ಮರಕ್ಕೆ ಬೇರೆ ಶತ್ರು ಇದೆ, ಕೊರೆದು ಜಾಲರಿ ಮಾಡುವ ಹಡಗುಹುಳು. ಆದರೆ ಅದು ನೀರೊಳಗಿನ ಬರಿಮೈಯನ್ನು ಹುಡುಕಿಕೊಂಡು ಬರುವ ಪ್ರಾಣಿ, ಫೈಬರ್ ಹೊದ್ದ ಮರ ಅದಕ್ಕೆ ಸಿಗದು.

ಹಾಗೆ ನೋಡಿದರೆ ಮಾವ ದಿನಾ ಕಡಲಿಗಿಳಿಸುತ್ತಿದ್ದಷ್ಟು ಕಾಲ ದೋಣಿ ಬದುಕಿತ್ತು. ತೂತು ಆಗಲೂ ಇತ್ತು. ಅಲೆ ಹಾರಿ ಬಂದ ಉಪ್ಪುನೀರು ಆಗಾಗ ಒಳಗೆ ಇಳಿದು ಮರವನ್ನು ಉಪ್ಪಿನಕಾಯಿ ಹಾಕಿಟ್ಟಿರಬೇಕು. ಇದು ನನ್ನ ಊಹೆ. ಮೇಸ್ತ್ರಿ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ತೆಂಗಿನ ಬುಡದಲ್ಲಿ ಭದ್ರವಾಗಿ ಕಟ್ಟಿ, ಟಾರ್ಪಾಲು ಹೊದೆಸಿ, ಇನ್ನು ಏನೂ ಆಗದು ಅಂತ ನಿಶ್ಚಿಂತೆಯಾದ ಮೇಲೆ ಶುದ್ಧ ಮಳೆನೀರು ನಿಧಾನವಾಗಿ ಕೆಲಸ ಮಾಡಿತು.

ಮರದ ದೋಣಿ ಇದ್ದಾಗ ಮಳೆಗಾಲಕ್ಕೆ ಮೊದಲು ಗೇರೆಣ್ಣೆ ಬಳಿಯುವ ಕೆಲಸ ಇತ್ತು. ಗೇರುಬೀಜದ ಸಿಪ್ಪೆಯ ಆ ಕಪ್ಪು ಎಣ್ಣೆ ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತದೆ, ಮಕ್ಕಳಾದ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಅಜ್ಜ ಕೋಲಿಗೆ ಬಟ್ಟೆ ಸುತ್ತಿ ಬಳಿಯುತ್ತ ಒಂದೊಂದು ಹಲಗೆಯನ್ನೂ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಫೈಬರ್ ಬಂದಾಗ ಎಲ್ಲರೂ ಹೇಳಿದ ಮೊದಲ ಮಾತು, ಇದಕ್ಕೆ ಎಣ್ಣೆ ಬೇಡ, ನೋಡಿಕೊಳ್ಳುವುದೇ ಬೇಡ. ವರ್ಷಕ್ಕೊಮ್ಮೆ ಎಣ್ಣೆ ಬಳಿಯುವುದು ತಪ್ಪಿತು ಸರಿ. ವರ್ಷಕ್ಕೊಮ್ಮೆ ಒತ್ತಿ ನೋಡುವುದೂ ಜೊತೆಗೇ ತಪ್ಪಿತಲ್ಲ.

ಇನ್ನು ಹೊಸ ಮರದ ವಿಷಯ. ಅಂಗಡಿಗೆ ಹೋದರೆ ಎಲ್ಲವೂ "ವಾಟರ್‌ಪ್ರೂಫ್". ಪ್ಲೈವುಡ್ ಹಾಳೆಯ ಮೇಲಿನ ಭಾರತೀಯ ಮಾನಕದ (ಐಎಸ್) ಮುದ್ರೆ ನೋಡಬೇಕು: ಐಎಸ್ 303 ಮನೆಯೊಳಗಿನ ಕಪಾಟಿಗೆ, ಐಎಸ್ 710 ಮೆರೈನ್ ಪ್ಲೈ. ಎರಡನೆಯದರ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಪರೀಕ್ಷೆ. ನಾನು ಇದನ್ನೆಲ್ಲ ಓದಿಕೊಂಡು ಹೋಗಿ ಗತ್ತಿನಲ್ಲಿ ಹೇಳಿದಾಗ ಮೇಸ್ತ್ರಿ, "ಅಂಟ್ ಬಿಡುದಿಲ್ಲ, ಸರಿ. ಮರ?" ಅಂದರು. ನಾವು ಹಳೆ ಹಲಗೆಯಿಂದ ತೆಗೆದ ಮುದ್ದೆಯಲ್ಲೂ ಅಂಟಿನ ಗೆರೆಗಳು ಪುಸ್ತಕದ ಹಾಳೆಗಳಂತೆ ಹಾಗೇ ಇದ್ದವು. ನಡುವೆ ಮರ ಇರಲಿಲ್ಲ.

ಎಪಾಕ್ಸಿ ಹಾಕೋಣ ಅಂದೆ, ಅದು ಇನ್ನೊಂದು ಬಗೆಯ ರೆಸಿನ್. ಮರಕ್ಕೆ ಮಾಮೂಲಿ ಪಾಲಿಯೆಸ್ಟರಿಗಿಂತ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ, ಅದು ನಿಜ. ಬೆಲೆ ಕೇಳಿ ನಾನೇ ತಣ್ಣಗಾಗಿ, ಪ್ಲೈವುಡ್ಡಿನ ಅಂಚಿಗೆ ಮಾತ್ರ ಎಪಾಕ್ಸಿ, ಮೇಲೆ ಮಾಮೂಲಿ ರೆಸಿನ್ ಅಂತ ಒಂದು ಮಧ್ಯಮಮಾರ್ಗ ಹೇಳಿದೆ. ಮೇಸ್ತ್ರಿ ತಲೆಯಾಡಿಸಿದರು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ, ಕೆಲವೊಮ್ಮೆ ತಾಗಿದಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಒಂದೋ ಪೂರ್ತಿ ಅದು, ಇಲ್ಲ ಪೂರ್ತಿ ಇದು. ಕಡೆಗೆ ಪಾಲಿಯೆಸ್ಟರೇ ಆಯಿತು. 18 ಮಿಲಿಮೀಟರಿನ ಎರಡು ಹಾಳೆ, ನಡುವೆ ರೆಸಿನ್ನಿನಲ್ಲಿ ನೆನೆಸಿದ ಮ್ಯಾಟು ಅನ್ನುವ ಗಾಜಿನ ನೂಲಿನ ಹಾಸು, ಅಂಚುಗಳಿಗೆಲ್ಲ ಹೀರುವಷ್ಟು ತೆಳು ರೆಸಿನ್, ಮೂರು ಸಲ.

ಬಿಸಿಲೇರುವ ಮೊದಲು ರೆಸಿನ್ ಕೆಲಸ ಮುಗಿಯಬೇಕು ಅಂತ ಬೆಳಿಗ್ಗೆ ಆರೂವರೆಗೇ ಶುರು. ಒಂದು ಕಿಲೋ ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಹತ್ತರಿಂದ ಇಪ್ಪತ್ತು ಎಂ.ಎಲ್., ಸೆಕೆ ಏರಿದಂತೆ ಅಳತೆ ಇಳಿಸಬೇಕು. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟಿನ ಡಬ್ಬಿ ಶೆಡ್ಡಿನ ಒಂದು ಮೂಲೆಯಲ್ಲಿ, ಹಾರ್ಡ್ನರ್ ಇನ್ನೊಂದು ಮೂಲೆಯಲ್ಲಿ. ಎರಡನ್ನೂ ನೇರ ಬೆರೆಸಿದರೆ ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿಗೆ ಸೇರಿ ಚೆನ್ನಾಗಿ ಬೆರೆತ ಮೇಲೆಯೇ ಹಾರ್ಡ್ನರ್. ಇದೊಂದು ವಿಷಯದಲ್ಲಿ ಮಾತ್ರ ಮೇಸ್ತ್ರಿ ನನ್ನನ್ನು ಶಾಲೆಯ ಹುಡುಗನ ಹಾಗೆ ಗದರಿದರು.

ಮೊದಲ ದಿನ ಅರ್ಧ ಮಗ್ ಬೆರೆಸಿದ ರೆಸಿನ್ ಮಿಕ್ಕಿತು. ಮಧ್ಯಾಹ್ನಕ್ಕೆ ಆದೀತು ಅಂತ ನೆರಳಲ್ಲಿಟ್ಟು, ಅವಲಕ್ಕಿ ತಿನ್ನಲು ಹೋದೆ. ವಾಪಸು ಬಂದಾಗ ಮಗ್ಗಿನಿಂದ ಹೊಗೆ! ಪ್ಲಾಸ್ಟಿಕ್ ಮಗ್ ಒಂದು ಬದಿಗೆ ವಾಲಿ ಕರಗುತ್ತಿತ್ತು, ಒಳಗೆ ರೆಸಿನ್ ಕಲ್ಲಾಗಿ ಬಿರುಕು ಬಿಟ್ಟಿತ್ತು. ಹಲಗೆಯ ಮೇಲೆ ತೆಳ್ಳಗೆ ಹರಡಿದರೆ ಬಿಸಿ ಗಾಳಿಗೆ ಹೋಗುತ್ತದೆ, ಮಗ್ಗಿನಲ್ಲಿ ಒಟ್ಟಾಗಿದ್ದರೆ ತನ್ನ ಬಿಸಿಗೆ ತಾನೇ ಬೇಯುತ್ತದೆ. ಉಷ್ಣ ಬಿಡುಗಡೆಯ ಕ್ರಿಯೆ ಅಂತ ಹತ್ತನೇ ಕ್ಲಾಸಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಆ ಓರೆ ಮಗ್ ಈಗ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ.

ಹಳೆ ಫೈಬರಿಗೆ ಹೊಸತನ್ನು ಸೇರಿಸುವುದು ಈ ಕೆಲಸದ ಜೀವ. ಹಳೆಯದು ಎಂದೋ ಗಟ್ಟಿಯಾದದ್ದು, ಹೊಸ ರೆಸಿನ್ನಿನ ಜೊತೆ ಕರಗಿ ಒಂದಾಗುವುದಿಲ್ಲ; ಕಚ್ಚಿ ಹಿಡಿಯಬೇಕು ಅಷ್ಟೇ. ಅದಕ್ಕೆ ಅಂಚನ್ನು ಇಳಿಜಾರಾಗಿ ಉಜ್ಜಬೇಕು, ಪದರದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ನಾಲ್ಕು ಮಿಲಿಮೀಟರ್ ದಪ್ಪವಿದ್ದರೆ ಹತ್ತಿರ ಐದು ಸೆಂಟಿಮೀಟರ್. ಒರಟಾಗಿ ಉಜ್ಜಿ, ಅಸಿಟೋನಿನಲ್ಲಿ ಒರಸಿ, ಮತ್ತೆ ಬರಿಗೈಯಲ್ಲಿ ಮುಟ್ಟದೆ ಮ್ಯಾಟು ಹಾಸಬೇಕು. ಮ್ಯಾಟಿನ ಮೇಲೆ ರೋವಿಂಗ್ ಅನ್ನುವ ನೇಯ್ದ ಗಾಜಿನ ಬಟ್ಟೆ, ಅದರ ಮೇಲೆ ಮತ್ತೆ ಮ್ಯಾಟು. ಬಿಳಿ ಹಾಸಿಗೆ ರೆಸಿನ್ ಹತ್ತಿದ ಕೂಡಲೇ ನೀರುದೋಸೆಯ ಹಾಗೆ ಪಾರದರ್ಶಕವಾಗುತ್ತದೆ. ಎಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಿ ಗಾಳಿ. ಆ ಬಿಳಿಗುಳ್ಳೆಗಳನ್ನು ರೋಲರಿನಲ್ಲಿ ಅಂಚಿನ ತನಕ ಓಡಿಸಿ ಹೊರಗೆ ಹಾಕುವುದರಲ್ಲಿ ಒಂದು ಸುಖವಿದೆ. ನನಗೆ ಸಿಕ್ಕಿದ್ದು ಅದೊಂದೇ ಕೆಲಸ. ಮೇ ತಿಂಗಳು ಪೂರ್ತಿ ಅದನ್ನೇ ಮಾಡಿಕೊಂಡಿದ್ದರೂ ಬೇಸರವಾಗುತ್ತಿರಲಿಲ್ಲ.

ತಳದ ಪಟ್ಟಿಗಳಲ್ಲಿ ಎರಡು ಹೋಗಿದ್ದವು, ಬದಲಾಯಿಸಿದೆವು. ಅಡ್ಡಹಲಗೆ ಒಂದು. ಬಣ್ಣ ಹಳೆಯದೇ, ಹಸಿರು.

ಎಂಜಿನ್ ಹಲಗೆಗೆ ಬೋಲ್ಟು ಹಾಕುವ ದಿನ ಮೇಸ್ತ್ರಿ ಡ್ರಿಲ್ ನನ್ನ ಕೈಗೆ ಕೊಟ್ಟರು. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆಯಬೇಕು. ಅದಕ್ಕೆ ಮ್ಯಾಟಿನ ಚೂರು ಕಲಸಿದ ಗಟ್ಟಿ ರೆಸಿನ್ ತುಂಬಬೇಕು, ಒಂದು ದಿನ ಬಿಡಬೇಕು. ಮರುದಿನ ಆ ತುಂಬಿದ್ದರ ನಟ್ಟನಡುವೆ ಬೋಲ್ಟಿನ ಅಳತೆಯ ತೂತು. ಆಗ ಬೋಲ್ಟಿನ ಸುತ್ತ ರೆಸಿನ್ನಿನ ಗೋಡೆ ಇರುತ್ತದೆ, ಅಂಟು ಬಿಟ್ಟು ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ಒಂದು ತೂತಿಗೆ ಎರಡು ದಿನ. ಒಂಬತ್ತು ವರ್ಷದ ಹಿಂದೆ ಐದು ನಿಮಿಷ ಉಳಿಸಿದ್ದು ನೆನಪಾಗಿ, ಹೇಳಿದ್ದಕ್ಕಿಂತ ನಿಧಾನವಾಗಿಯೇ ಕೊರೆದೆ.

ಮೇ ಕೊನೆಯ ವಾರ ಏಳೆಂಟು ಜನ ಸೇರಿ ದೋಣಿಯನ್ನು ಹೊಳೆಗೆ ಇಳಿಸಿದೆವು. ಒಂದು ತೆಂಗಿನಕಾಯಿ ಒಡೆದದ್ದು ಬಿಟ್ಟರೆ ಗೌಜಿ ಏನಿಲ್ಲ. ಎಂಜಿನ್ ಇನ್ನೂ ಬಂದಿರಲಿಲ್ಲ, ದಡದ ಗೂಟಕ್ಕೆ ಕಟ್ಟಿ ಬಿಟ್ಟೆವು. ಆ ರಾತ್ರಿಯೇ ಗುಡುಗು, ಒಂದು ಗಂಟೆ ಜಡಿಮಳೆ. ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯ ತಳದಲ್ಲಿ ಪಾದ ಮುಳುಗುವಷ್ಟು ನೀರು. ಸೇರಿಸಿದ ಅಂಚು ಎಲ್ಲೋ ಬಿಟ್ಟಿದೆ ಅಂತ ನನ್ನ ಎದೆ ಧಸಕ್ಕೆಂದಿತು. ಬಗ್ಗಿ ಹಿಂದಿನ ಹಲಗೆಯ ಬುಡವನ್ನೆಲ್ಲ ತಡಕಾಡಿದೆ, ಟಾರ್ಚ್ ಬಿಟ್ಟೆ, ಏನೂ ಕಾಣಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಲು ಹೊರಟೆ.

ಮಾವ ಕೋಲೂರಿಕೊಂಡು ನಿಧಾನ ಇಳಿದು ಬಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ದೋಣಿಯ ಅಂಚಿಗೆ ಕೈ ಹಾಕಿದರು. ಬಗ್ಗಿ, ತಳದ ನೀರಿಗೆ ತೋರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಆಮೇಲೆ ಅದೇ ಬೆರಳನ್ನು ಹೊರಗಿನ ಹೊಳೆನೀರಿಗೆ ಅದ್ದಿ ಮತ್ತೊಮ್ಮೆ. ಮೇ ತಿಂಗಳಲ್ಲಿ ನಮ್ಮ ಹೊಳೆ ಕಡಲಿನಷ್ಟೇ ಉಪ್ಪು.

"ಸಪ್ಪಿ ಇತ್ತ್" ಅಂದರು. "ಮಳಿ ನೀರ್."

ಮತ್ತೆ ಕತ್ತರಿಸಿದ ಎಣ್ಣೆ ಕ್ಯಾನನ್ನು ನನ್ನ ಕಡೆ ಎಸೆದು, "ಮೊಗೆದ್ ಹೊರ್ಗ್ ಹಾಕ್ ಮಾಣಿ, ನಿಲ್ಲುಕೆ ಬಿಡ್ಬೇಡ" ಅಂದರು.